ನಿಧಾನದವರು ಮುಂದೆ

“ನೀನು ಎಲ್ಲರಿಗಿಂತ ಮುಂದೆ ನಿಲ್ಲಮ್ಮ,” ಎಂದು ನಿವೃತ್ತ ದಫೇದಾರಜ್ಜ ಬಾವುಟದ ಕೋಲಿನಿಂದ ಬೈಕುಗಳ ಸಾಲಿನ ತಲೆಯನ್ನು ತೋರಿಸಿದಾಗ, ಠಾಣೆಯ ಟೈಪಿಸ್ಟ್ ಹುಡುಗಿಗೆ ಹೆಲ್ಮೆಟ್ಟಿನೊಳಗೇ ಕಿವಿ ಬಿಸಿಯಾಯಿತು. ಪೊಲೀಸರ ಮೋಟಾರ್‌ಸೈಕಲ್ ಕ್ಲಬ್ಬಿಗೆ ಅವಳು ಸೇರಿದ್ದು ಹೋದ ವಾರ. ನಿನ್ನೆಯ ಅಭ್ಯಾಸದಲ್ಲಿ, ಓಡುತ್ತಿದ್ದ ಬೈಕಿನಿಂದಲ್ಲ, ನಿಂತಿದ್ದ ಬೈಕಿನಿಂದ ಎಲ್ಲರ ಕಣ್ಣೆದುರು ಬಿದ್ದಿದ್ದಳು. ಆ ತಮಾಷೆಯೇ ಇಂದಿಗೂ ಮುಂದುವರಿದಿದೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

“ನಗೋದಿಕ್ಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ ಅಜ್ಜಾ, ನಾನು ಮನೆಗೆ ಹೊರಟೆ. ಸಾಹೇಬರೇ ಎಲ್ಲರ ಕೊನೆಗೆ ನಿಂತಿದ್ದಾರೆ, ಅವರನ್ನ ಹಿಂದೆ ಹಾಕಿ ನಾನು ಮುಂದೆ ಮೆರೀಲಾ?”

ಅವಳು ಹ್ಯಾಂಡಲ್ಲನ್ನು ಗೇಟಿನತ್ತ ತಿರುಗಿಸಿದಳು. ಅಜ್ಜ ತನ್ನ ಬಗ್ಗದ ಬಲಗಾಲನ್ನು ಬ್ಯಾರಿಕೇಡಿನಂತೆ ಅಡ್ಡ ಚಾಚಿದ.

“ಕ್ಲಬ್ಬಿನ ಚರಿತ್ರೆ ಗೊತ್ತೇನು ನಿನಗೆ?”

“ಗೋಡೆ ಮೇಲಿದೆಯಲ್ಲ, ನಾನೇ ಟೈಪ್ ಮಾಡಿದ್ದು. ಸೌಹಾರ್ದ, ಶಿಸ್ತು, ಸೇವೆ.”

“ಅದು ಗೋಡೆಯದು. ನಿಜವಾದದ್ದು ಈ ಮೊಣಕಾಲಲ್ಲಿದೆ.”

ಕ್ಲಬ್ಬಿನ ಮೊದಲ ಸವಾರಿಯ ದಿನ ಪದವಿಗೆ ತಕ್ಕಂತೆ ಸಾಲು ಕಟ್ಟಿದ್ದರಂತೆ. ಎಲ್ಲರಿಗಿಂತ ಮುಂದೆ ಹೊಸದಾಗಿ ಬಂದಿದ್ದ ಎಳೆಯ ಅಧಿಕಾರಿ, ಮೈಯೆಲ್ಲ ಅವಸರ. ಎಲ್ಲರಿಗಿಂತ ಹಿಂದೆ, ಕೆಮ್ಮುವ ಹಳೆಯ ಗಾಡಿಯ ಮೇಲೆ, ಆಗಿನ್ನೂ ನೌಕರಿಯಲ್ಲಿದ್ದ ಇದೇ ದಫೇದಾರ. ಬೆಟ್ಟದ ತಿರುವೊಂದರಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿತು. ಚರಂಡಿಯೊಳಗೆ ಕೆಳಗೆ ಅವನು, ಮೇಲೆ ಗಾಡಿ.

“ಕೂಗಲಿಲ್ವಾ?”

“ಕೂಗಿದೆ ತಾಯಿ. ಅಷ್ಟು ಇಂಜಿನ್ನುಗಳ ಗದ್ದಲದಲ್ಲಿ ಯಾರಿಗೆ ಕೇಳುತ್ತೆ? ಒಂದೊಂದೇ ತಿರುವು ಹತ್ತುತ್ತಾ ಸದ್ದು ಸಣ್ಣಗಾಯ್ತು, ಆಮೇಲೆ ಜೀರುಂಡೆ ಮಾತ್ರ. ಬೆಟ್ಟದ ನೆತ್ತೀಲಿ ಗುಂಪಿನ ಫೋಟೋಗೆ ನಿಂತಾಗಲೇ ಗೊತ್ತಾಗಿದ್ದಂತೆ, ಒಂದು ಬೋಳುತಲೆ ಕಮ್ಮಿಯಾಗಿದೆ ಅಂತ!” ಅಜ್ಜ ತಾನೇ ನಕ್ಕ. “ಆ ಅಧಿಕಾರಿ ವಾಪಸ್ ಓಡಿ ಬಂದು, ನನ್ನನ್ನ ಬೆನ್ನ ಮೇಲೆ ಹೊತ್ತು ಕೆಳಗಿಳಿಸಿದ್ರು. ಆಸ್ಪತ್ರೆ ಮಂಚದ ಪಕ್ಕ ಕೂತು ಒಂದೇ ಒಂದು ನಿಯಮ ಹೇಳಿದ್ರು: ಇನ್ನು ಮೇಲೆ ಅತಿ ನಿಧಾನದವರೇ ಮುಂದೆ. ಅವರ ವೇಗವೇ ಎಲ್ಲರ ವೇಗ.”

ಅವಳು ಹ್ಯಾಂಡಲ್ಲಿನ ಮೇಲಿನ ಬೆರಳುಗಳನ್ನೇ ನೋಡಿಕೊಂಡಳು.

“ಮುಂದೆ ಹೋಗಿ ಬಿದ್ರೆ ಎಲ್ಲರೂ ನೋಡ್ತಾರೆ ಅಜ್ಜಾ.”

“ನೋಡಲಿ ಅಂತಲೇ ಅಲ್ವೇನೇ ಮುಂದೆ ಕಳಿಸೋದು!”

ಅವಳಿಗೆ ಹೆಲ್ಮೆಟ್ಟಿನೊಳಗೆ ನಗು ಬಂತು. ಹ್ಯಾಂಡಲ್ಲನ್ನು ಮತ್ತೆ ಸಾಲಿನತ್ತ ತಿರುಗಿಸುತ್ತಾ ಕೇಳಿದಳು: “ಆ ಅಧಿಕಾರಿ ಈಗೆಲ್ಲಿದ್ದಾರೆ?”

“ಎಲ್ಲರ ಕೊನೆಗೆ ನಿಂತಿದ್ದಾರೆ ಅಂತ ನೀನೇ ಅಂದೆಯಲ್ಲ. ಎಷ್ಟು ಬಡ್ತಿ ಬಂದರೂ ಆ ಜಾಗ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.”

ಅಜ್ಜ ಕಾಲನ್ನು ಹಿಂದಕ್ಕೆಳೆದು ಬಾವುಟ ಎತ್ತಿದ.

ಬೆಟ್ಟದ ಮೊದಲ ತಿರುವನ್ನು ಅವಳು ನಡೆಯುವವರ ವೇಗದಲ್ಲಿ ದಾಟಿದಳು. ಯಾರೂ ಹಾರ್ನ್ ಮಾಡಲಿಲ್ಲ. ಕನ್ನಡಿಯಲ್ಲಿ, ಹಗಲಿನಲ್ಲೂ ಉರಿಯುತ್ತಿದ್ದ ದೀಪಗಳು ಒಂದರ ಹಿಂದೊಂದು ತಿರುವಿನಿಂದ ಹೊರಬಂದವು. ಎಲ್ಲಕ್ಕೂ ಹಿಂದಿನ ಆ ಒಂಟಿ ದೀಪ ಕಾಣಿಸುವವರೆಗೂ ಅವಳು ಎಕ್ಸಲರೇಟರ್ ತಿರುವಲಿಲ್ಲ.