ಗಾರೆ ನೆಲದ ಮೇಲಿನ ಹಾಳೆ

ಮೊನ್ನೆ ಅಂಗಡಿಯವನು ನೆಲಕ್ಕೆ ಹಾಸುವ ಹೊಸ ಪ್ಲಾಸ್ಟಿಕ್ ಹಾಳೆಯ ಸುರುಳಿ ಬಿಚ್ಚಿದಾಗ, ಆ ವಾಸನೆಗೆ ಈ ವಯಸ್ಸಿನಲ್ಲೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಚಾಮರಾಜಪೇಟೆಯ ನಮ್ಮ ಹಳೇ ಮನೆಯ ಗಾರೆ ನೆಲ ಸದಾ ತೇವವಾಗಿರುತ್ತಿತ್ತು. ಅಪ್ಪ ಅದರ ಮೇಲೆ ಅಂಥದೇ ಹಾಳೆ ಹಾಸಿಸಿದರು. ಅಜ್ಜಿ ಒಪ್ಪಲಿಲ್ಲ.

"ಮುಚ್ಬೇಡ್ವೋ, ನೆಲ ಉಸಿರಾಡ್ಬೇಕು."

"ಹೌದಮ್ಮ, ಪಾಪ, ಅದಕ್ಕೆ ನೆಗಡಿ ಬೇರೆ ಆಗಿದೆ," ಅಂತ ಅಪ್ಪ ನಕ್ಕರು.

ಇನ್ನೂ ಚಿಕ್ಕ ಹುಡುಗನಾಗಿದ್ದ ನನಗೆ ನಗು ಬರಲಿಲ್ಲ. ನೆಲದೊಳಗೆ ಏನೋ ಮಲಗಿದೆ, ಅದೇ ಉಸಿರಾಡುತ್ತಿದೆ ಅಂದುಕೊಂಡೆ. ಒಂದು ಮಧ್ಯಾಹ್ನ ನಡುಮನೆಯಲ್ಲಿ ಒಬ್ಬನೇ ಇದ್ದೆ. ಹಾಳೆ ಒಂದು ಕಡೆ ಉಬ್ಬಿತ್ತು. ಕಾಲಿಟ್ಟರೆ ಮೆಲ್ಲಗೆ ತಗ್ಗಿತು, ತೆಗೆದರೆ ಮತ್ತೆ ಎದ್ದಿತು. ರಾತ್ರಿ ನಾನೂ ಅಜ್ಜಿಯೂ ಮಲಗುವುದು ಅಲ್ಲೇ. ಉಸಿರು ಕಟ್ಟಿ ಅದು ಸಿಟ್ಟಿನಿಂದ ಎದ್ದು ಬಂದರೆ? ಅಪ್ಪನ ಗಡ್ಡದ ಬ್ಲೇಡು ತಂದು ಹಾಳೆಯನ್ನು ಉದ್ದಕ್ಕೆ ಸೀಳಿದೆ. ಮುಗ್ಗಲು ಗಾಳಿ ಮುಖಕ್ಕೆ ಬಡಿಯಿತು.

ಸಂಜೆ ಅಪ್ಪ ಸೀಳು ನೋಡಿ ಅಜ್ಜಿಯ ಕಡೆ ತಿರುಗಿದರು. "ಅಂತೂ ನಿನ್ನ ಹಟಾನೇ ಸಾಧಿಸ್ಬಿಟ್ಟೆ, ಅಲ್ವಾಮ್ಮ?"

ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದನ್ನು ಅಜ್ಜಿ ನೋಡಿದಳು. "ಹೂಂ ಕಣೋ, ನಾನೇ," ಅಂದಳು.

ಅಪ್ಪ ಮತ್ತೆ ಅವಳನ್ನು ಅಮ್ಮ ಅಂತ ಕರೆದದ್ದು ಬಹಳ ದಿನಗಳ ಮೇಲೆ. ಅಷ್ಟೂ ದಿನ ನಾನು ಅವಳ ಪಕ್ಕದಲ್ಲೇ ಮಲಗಿ ಸುಮ್ಮನಿದ್ದೆ.