ಗ್ಯಾರೇಜಿನ ನೆಲಕ್ಕೊಂದು ಬಣ್ಣ

ಕಲಬುರಗಿಯ ಬಿಸಿಲಿಗೆ ಗ್ಯಾರೇಜಿನ ನೆಲದ ಬಣ್ಣ ಎರಡು ಸಲ ಕಾರಿನ ಟೈರಿಗೆ ಅಂಟಿ ಕಿತ್ತುಬಂದಿತ್ತು. ಅಣವೀರಪ್ಪನವರು ಬಣ್ಣದಂಗಡಿಯ ಬಾಗಿಲಲ್ಲಿ ಹೊಸ ಚಪ್ಪಲಿ ಬಿಟ್ಟು ಒಳಗೆ ಬಂದವರೇ ರೇಗಿದರು: "ನಮ್ಮ ಬಿಸಿಲಿಗಿ ನಿಲ್ಲೋ ಬಣ್ಣ ಅದ ಏನು, ಇಲ್ಲ ಬರೇ ಮಾತೇ?"

ಅಂಗಡಿಯವನು ಒಂದು ಡಬ್ಬಿ ಮುಂದಿಟ್ಟ. "ಇದು ಒಮ್ಮೆ ಹಿಡೀತಂದ್ರ ಬಿಡಂಗಿಲ್ರೀ ಸಾಹೇಬ್ರ."

"ಹಿಂದಿನವನೂ ಹಿಂಗೇ ಅಂದಿದ್ದ."

ತಾಸು ಕಳೆದರೂ ಅವರು ನಂಬಲಿಲ್ಲ. ಅಂಗಡಿಯವನು ಸೋತು ಕೈಮುಗಿದ. "ನೀವು ಬರೂಕಿಂತ ಜರಾ ಮೊದಲ ಬಾಗಿಲ ಮುಂದ ಇದೇ ಬಣ್ಣ ಹಚ್ಚೀನ್ರೀ. ಹೋಗಿ ನೀವೇ ಕಿತ್ತಿ ನೋಡ್ರಿ."

"ನೋಡೇ ಬಿಡ್ತೀನಿ," ಎಂದು ಹೊರಬಂದ ಅಣವೀರಪ್ಪನವರು ಚಪ್ಪಲಿ ಮೆಟ್ಟಿ ಹೆಜ್ಜೆ ಎತ್ತಿದರು. ಕಾಲಷ್ಟೇ ಬಂತು. ಬಗ್ಗಿ ಎರಡೂ ಕೈಯಲ್ಲಿ ಜಗ್ಗಿದರು. ಬಾರು ಕಿತ್ತು ಕೈಗೆ ಬಂತು.

ಕಾದ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಒಳಗೆ ಕೂಗಿದರು: "ಇದೇ ನಾಕು ಡಬ್ಬಿ ಕಟ್ರಿ!"