ಜೊಂಡಿನ ಚಿತ್ರಗಳು

"ಇವೆಲ್ಲದರಲ್ಲೂ ಹುಲ್ಲಿದೆ. ಜನ ಎಲ್ಲಿದ್ದಾರೆ?" ಎಂದು ಅಧಿಕಾರಿ ಕೇಳಿದಾಗ ಫೋಟೋಗ್ರಾಫರನಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಮೇಜಿನ ಮೇಲೆ ಅವನು ತಂದ ಮೂವತ್ತು ಚಿತ್ರಗಳು ಹರಡಿದ್ದವು. ಮಂಜಿನಲ್ಲಿ ತಲೆ ತೂಗುವ ಜೊಂಡು, ಗಾಳಿಗೆ ಒಂದೇ ಕಡೆ ವಾಲಿದ ತೆನೆಗಳು, ನೀರಿನ ನಡುವೆ ಒಂಟಿಯಾಗಿ ನಿಂತ ಒಣ ಕಡ್ಡಿ. ಹನ್ನೊಂದು ವರ್ಷ ಜೌಗಿನಲ್ಲಿ ಅಲೆದು ತೆಗೆದವುಗಳಲ್ಲಿ ಅಳೆದು ತೂಗಿ ಆರಿಸಿದ ಚಿತ್ರಗಳು. ಅಧಿಕಾರಿ ಒಂದೊಂದನ್ನೂ ಕೈಗೆತ್ತಿಕೊಂಡು ಮನಸಾರೆ ಹೊಗಳಿದರು. ಆಮೇಲೆ ಮತ್ತೆ ಅದೇ ಪ್ರಶ್ನೆಗೆ ಬಂದರು.

ಊರಾಚೆಯ ಆ ಜೌಗಿಗೆ ಮಣ್ಣು ತುಂಬಿ ಗೋದಾಮು ಕಟ್ಟುವುದೆಂದು ತೀರ್ಮಾನವಾಗಿತ್ತು. ಹತ್ತು ವರ್ಷಗಳಿಂದ ಅದನ್ನೇ ನಂಬಿ ಬದುಕುತ್ತಿರುವವರು ಯಾರಾದರೂ ಇದ್ದರೆ ಅವರು ದುಡಿಯುವ ಭಾಗವನ್ನು ಮುಟ್ಟುವಂತಿಲ್ಲ ಎಂಬ ನಿಯಮವಿತ್ತು. ಆದರೆ ಅದಕ್ಕೆ ಪುರಾವೆ ಬೇಕು. ಜೊಂಡು ಕೊಯ್ದು ಚಾಪೆ ಹೆಣೆಯುವ ಆರು ಮನೆಯವರ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಎಲ್ಲರೂ ಕೈಚೆಲ್ಲಿ ಕೂತಾಗ ಅವರಲ್ಲಿ ಹಿರಿಯಳಾದ ಹೆಂಗಸು, ಎಲ್ಲರ ಬಾಯಲ್ಲೂ 'ಅಕ್ಕ'ನೇ ಆಗಿದ್ದವಳು, ಹೆದರಬೇಡಿ ಎಂದಿದ್ದಳಂತೆ. ಫೋಟೋ ತೆಗೆಯುವ ತಮ್ಮನಿದ್ದಾನೆ, ಹನ್ನೊಂದು ವರ್ಷದಿಂದ ನನ್ನ ದೋಣಿಯಲ್ಲೇ ಓಡಾಡಿದ್ದಾನೆ, ಅವನಿಗಿಂತ ಪುರಾವೆ ಬೇಕೇ ಎಂದು.

ಅವಳು ಹೇಳಿದ್ದು ಸುಳ್ಳಲ್ಲ. ಯಾವ ಹುಲ್ಲು ಯಾವ ವಾರ ಹೂ ಬಿಡುತ್ತದೆ, ಯಾವ ತಿರುವಿನಲ್ಲಿ ಬೆಳಗಿನ ಬಿಸಿಲು ಮೊದಲು ಬೀಳುತ್ತದೆ ಎಂದು ತೋರಿಸಿಕೊಟ್ಟವಳೇ ಅವಳು. ತನ್ನ ಕೊಯ್ಲು ಬಿಟ್ಟು ಅವನಿಗಾಗಿ ದೋಣಿ ನಡೆಸುತ್ತಿದ್ದಳು. ಅವನಿಗೋ ಒಂದೇ ಹಟ, ಹುಲ್ಲಿನ ಚಿತ್ರದಲ್ಲಿ ಹುಲ್ಲಲ್ಲದೆ ಬೇರೇನೂ ಇರಕೂಡದು. ಕ್ಯಾಮೆರಾ ಎತ್ತಿದಾಗಲೆಲ್ಲ, ಅಕ್ಕ, ಸ್ವಲ್ಪ ಬಗ್ಗಿ ಎನ್ನುತ್ತಿದ್ದ. ಅವಳು ಕುಡುಗೋಲು ಮಡಿಲಲ್ಲಿಟ್ಟುಕೊಂಡು ದೋಣಿಯ ತಳಕ್ಕೆ ಒರಗಿಬಿಡುತ್ತಿದ್ದಳು. ಕೊಯ್ದ ಜೊಂಡಿನ ಮೋಟು ಕಂಡರೆ ಅವನು ಮುಖ ಸಿಂಡರಿಸಿ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸುತ್ತಿದ್ದ.

ಅವನು ಅಧಿಕಾರಿಯ ಹತ್ತಿರ ನಾಲ್ಕು ದಿನದ ಅವಕಾಶ ಕೇಳಿಕೊಂಡು ಮನೆಗೆ ಬಂದ. ಊಟ ತಿಂಡಿ ಮರೆತು ಕಂಪ್ಯೂಟರಿನ ಮುಂದೆ ಕೂತ. ಹೆಂಡತಿಯೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಸಾವಿರಾರು ಚಿತ್ರ ಸರಿದುಹೋದವು. ಕೆಲವುಗಳಲ್ಲಿ ದೋಣಿಯ ನೆರಳಿತ್ತು. ಒಂದರಲ್ಲಿ ಹುಟ್ಟಿನ ತುದಿ. ಅಕ್ಕ ಕಾಣಿಸಿಕೊಂಡಿದ್ದ ಚಿತ್ರಗಳೂ ಇದ್ದವೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ಕೆಟ್ಟುಹೋದ ಚಿತ್ರಗಳೆಂದು ಅವನ್ನೆಲ್ಲ ಆಗಿಂದಾಗ್ಗೆ ಅಳಿಸಿಹಾಕಿದ್ದವನೂ ಅವನೇ. ಮೂರನೆಯ ದಿನ ಹೆಂಡತಿ ಮೆಲ್ಲಗೆ ಅಂದಳು: "ಮನೇಲಿ ದಿನಾ ಅಕ್ಕ ಅಕ್ಕ ಅಂತೀರ. ಅವರ ಮುಖ ಹೇಗಿದೆ ಅಂತ ನನಗಿನ್ನೂ ಗೊತ್ತಿಲ್ಲ ನೋಡಿ."

ಕೊನೆಗೆ ಸಿಕ್ಕಿದ್ದು ಒಂದೇ ಒಂದು. ಚಿತ್ರದ ಮೂಲೆಯಲ್ಲಿ ಕೆಸರು ಮೆತ್ತಿದ ಎರಡು ಬೆರಳು, ಹಿಂದಿನ ಹೂವಿಗೆ ಬೆಳಕು ಬೀಳಲೆಂದು ಎದುರಿನ ಜೊಂಡನ್ನು ಸರಿಸಿ ಹಿಡಿದಿದ್ದವು. ಅಧಿಕಾರಿ ಅದನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಏನಾದರೂ ದಾರಿ ಸಿಕ್ಕೀತೇ ಎಂದು ಚಿತ್ರವನ್ನು ಕಿಟಕಿಯ ಹತ್ತಿರವೂ ಕೊಂಡೊಯ್ದರು. "ಬೆರಳು ಯಾರದ್ದು ಅಂತ ನಾನು ಹೇಗೆ ಬರೀಲಿ, ಹೇಳಿ" ಎಂದು ಹಿಂದಿರುಗಿಸಿದರು. ಅವನು ತಾನೇ ಕಣ್ಣಾರೆ ಕಂಡ ಸಾಕ್ಷಿ ಎಂದು ವಾದಿಸಿದ. ಅದನ್ನೂ ಬರೆದುಕೊಂಡರು. ಆದರೆ ಗೋದಾಮು ಕಟ್ಟಹೊರಟವರು ಇವನದೇ ಮೂವತ್ತು ಚಿತ್ರಗಳನ್ನು ಮುಂದಿಟ್ಟು, ಹನ್ನೊಂದು ವರ್ಷದಲ್ಲಿ ಒಂದು ನರಪಿಳ್ಳೆಯೂ ಅಲ್ಲಿಗೆ ಕಾಲಿಟ್ಟಿಲ್ಲ ಎಂದರು. ಎರಡು ವಾರದಲ್ಲಿ ಆದೇಶ ಬಂತು. ಈ ಕೊಯ್ಲು ಮುಗಿದ ಮೇಲೆ ಮಣ್ಣು.

ಅಕ್ಕನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಳ್ಳುತ್ತ ಅವನು ಜೌಗಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅವಳು ಸೊಂಟದವರೆಗಿನ ನೀರಿನಲ್ಲಿ ನಿಂತು ಕೊಯ್ಯುತ್ತಿದ್ದಳು. ಎರಡಾಳಿನ ಕೆಲಸ ಒಬ್ಬಳೇ ಮಾಡುವವಳ ಹಾಗೆ. ಅವನು ದಡದಲ್ಲಿ ನಿಂತು, ತಪ್ಪು ತನ್ನದೇ ಎಂದ. ಅವಳು ಕೈ ನಿಲ್ಲಿಸಲಿಲ್ಲ.

"ನೀನೊಬ್ಬನೇ ಏನಲ್ಲ ತಮ್ಮ. ಹುಲ್ಲು ಚೆನ್ನಾಗಿ ಕಾಣ್ಲಿ ಅಂತ ನನಗೂ ಇತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸುವುದನ್ನೂ ಮರೆತು ನೀರಿಗಿಳಿದ. ಹತ್ತಿರದ ಜೊಂಡನ್ನು ಒಂದು ಹಿಡಿ ಬಾಚಿ ಹಿಡಿದು ಬಲವಾಗಿ ಎಳೆದ. ಎಲೆ ಅಂಗೈಯೊಳಗಿಂದ ಜಾರಿತು. ಕೈ ಬಿಚ್ಚಿ ನೋಡಿದರೆ ಅಡ್ಡಕ್ಕೆ ನಾಲ್ಕು ಗೀರು, ನಾಲ್ಕರಲ್ಲೂ ರಕ್ತ.

ಅವಳು ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ನೀರಿನಲ್ಲಿ ಅದ್ದಿದಳು. ಅವಳ ಅಂಗೈ ಮರದ ತೊಗಟೆಯಂತಿತ್ತು.

"ಇಷ್ಟು ವರ್ಷ ನೋಡಿದ್ಯಲ್ಲ," ಎಂದಳು ಅಚ್ಚರಿಯಿಂದ. "ಇದು ಕುಯ್ಯತ್ತೆ ಅಂತ ನಿನಗೆ ಗೊತ್ತಿರಲಿಲ್ವಾ?"